ಒಂದು ಪೋರ್ಟು, ನಾಲ್ಕು ಕವಲು

ಶುಕ್ರವಾರ ದೋಹಾದಲ್ಲಿ ರಜೆ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಪುತ್ತೂರಿನಲ್ಲಿ ಅಮ್ಮ ಮಧ್ಯಾಹ್ನದ ಸಾರು ಇಳಿಸಿ ವಿಡಿಯೊ ಕಾಲ್‌ಗೆ ಕಾದಿರುತ್ತಾರೆ. ಲ್ಯಾಪ್‌ಟಾಪಿನಲ್ಲಿರುವುದು ಎರಡೇ ಯುಎಸ್‌ಬಿ ಪೋರ್ಟು. ಹಾಗಾಗಿ ಕ್ಯಾಮೆರಾ, ಮೌಸ್, ಮಗಳ ಹೆಡ್‌ಫೋನ್, ಮನೆಯ ಹಳೆಯ ಫೋಟೊಗಳಿರುವ ಹಾರ್ಡ್‌ಡಿಸ್ಕ್ ಎಲ್ಲವೂ ಒಂದು ಪುಟ್ಟ ಹಬ್‌ಗೆ ಜೋತುಬಿದ್ದಿದ್ದವು. ಒಂದು ಶುಕ್ರವಾರ ಅಪ್ಪನ ಷಷ್ಟ್ಯಬ್ದಿಯ ಫೋಟೊ ತೋರಿಸಲು ಹೊರಟಾಗ ಡಿಸ್ಕ್ ಟಿಕ್ ಟಿಕ್ ಎಂದು ಪರದೆಯಿಂದ ಮಾಯವಾಯಿತು. ಎದೆ ಧಸಕ್ಕೆಂದಿತು. ಡಿಸ್ಕ್ ಕೆಟ್ಟಿರಲಿಲ್ಲ, ಅದಕ್ಕೆ ಕರೆಂಟ್ ಸಾಲದೆ ಹೋಗಿತ್ತು.

ಹಬ್ ಕರೆಂಟನ್ನು ಹುಟ್ಟಿಸುವುದಿಲ್ಲ, ಬಂದದ್ದನ್ನು ಹಂಚುತ್ತದೆ. 2000ರಲ್ಲಿ ಬಂದ ಯುಎಸ್‌ಬಿ 2.0 ನಿಯಮದಂತೆ ಕಂಪ್ಯೂಟರಿನ ಒಂದು ಪೋರ್ಟಿನಿಂದ ಸಿಗುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್. ಹಬ್ ತನ್ನ ಖರ್ಚಿಗೆ 100 ಇಟ್ಟುಕೊಂಡರೆ ನಾಲ್ಕು ಕವಲಿಗೆ ತಲಾ 100. ಮೌಸಿಗೆ ಅಷ್ಟು ಧಾರಾಳ. ಒಳಗಿನ ತಟ್ಟೆ ತಿರುಗಿಸಬೇಕಾದ ಡಿಸ್ಕಿಗೆ ಅದರ ಹಲವು ಪಟ್ಟು ಬೇಕು. 2008ರ 3.0 ಈ ಮಿತಿಯನ್ನು 900ಕ್ಕೆ ಏರಿಸಿತು. ನಾಲ್ವರ ಹಂಚಿಕೆಗೆ ಅದೂ ಬಿಗಿಯೇ.

ಮಾಹಿತಿಗೂ ಒಂದೇ ದಾರಿ. 2.0ರಲ್ಲಿ ಯಾವ ಸಾಧನವೂ ತಾನಾಗಿ ಬಾಯಿ ತೆರೆಯುವಂತಿಲ್ಲ. ಹೊಸದೊಂದನ್ನು ಚುಚ್ಚಿದರೆ ಹಬ್ ಅದನ್ನು ಗಮನಿಸಿಟ್ಟುಕೊಂಡು, ಕಂಪ್ಯೂಟರ್ ವಿಚಾರಿಸಿದಾಗ ಹೇಳುತ್ತದೆ. ಕಂಪ್ಯೂಟರ್ ಅದಕ್ಕೊಂದು ನಂಬರ್ ಕೊಡುತ್ತದೆ. ಕೊಡಬಹುದಾದ ನಂಬರುಗಳು 127. ಆಮೇಲೆ ಸರದಿಯಂತೆ ಒಂದೊಂದನ್ನೇ ಮಾತಾಡಿಸುತ್ತದೆ. ಕ್ಯಾಮೆರಾದ ಚಿತ್ರ ತಡವಾಗಿ ಬಂದರೆ ಪ್ರಯೋಜನವಿಲ್ಲ, ಆದ್ದರಿಂದ ಅದಕ್ಕೆ ಸಮಯ ಮೀಸಲು. ಅಮ್ಮನ ಜೊತೆ ಮಾತಾಡುವಾಗ ಡಿಸ್ಕಿನ ನಕಲು ನಿಧಾನವಾಗುವುದು ಇದಕ್ಕೇ. ಕೀಲಿಮಣೆಗೊಂದು, ಪ್ರಿಂಟರಿಗೊಂದು ಬೇರೆ ಬೇರೆ ಪ್ಲಗ್ಗಿದ್ದ ಕಾಲದಲ್ಲಿ ಇಷ್ಟೆಲ್ಲವನ್ನೂ ಒಂದೇ ತಂತಿಗೆ ತಂದ ಇಂಟೆಲ್ ತಂಡದಲ್ಲಿ ಬರೋಡಾದಲ್ಲಿ ಓದಿದ ಅಜಯ್ ಭಟ್ ಮುಖ್ಯರು. ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ನನಗೆ ಅವರ ಮೇಲೆ ತುಂಬು ಗೌರವ.

ಪರಿಹಾರ, ತನ್ನದೇ ಅಡಾಪ್ಟರ್ ಇರುವ ಹಬ್. ಅದು ಗೋಡೆಯಿಂದ ಕರೆಂಟ್ ಪಡೆಯುತ್ತದೆ, ಲ್ಯಾಪ್‌ಟಾಪಿನ ಮೇಲೆ ಹೊರೆ ಹಾಕುವುದಿಲ್ಲ. ಮಂಗಳೂರಿನಿಂದ ತಂದರೆ ಇಲ್ಲಿ ಇನ್ನೊಂದು ತೊಡಕು: ನಮ್ಮದು ದುಂಡು ಪಿನ್ನು, ಕತಾರಿನ ಗೋಡೆಗೆ ಬೇಕಾದ್ದು ಮೂರು ಚಪ್ಪಟೆ ಪಿನ್ನು. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಇಲ್ಲಿನ 240ಕ್ಕೆ ಪಿನ್ ಬದಲಿಸುವ ಪ್ಲಗ್ ಸಾಕು.

ಮುಂದಿನ ಶುಕ್ರವಾರ ಡಿಸ್ಕ್ ಸದ್ದಿಲ್ಲದೆ ತಿರುಗಿತು. ಅಮ್ಮ ಷಷ್ಟ್ಯಬ್ದಿಯ ಫೋಟೊದ ಹಿಂದಿನ ಸಾಲಿನಲ್ಲಿ ನಿಂತವರನ್ನೆಲ್ಲ ಹೆಸರು ಹಿಡಿದು ಮೊಮ್ಮಗಳಿಗೆ ತೋರಿಸಿಕೊಟ್ಟರು.