ರ‍್ಯಾಮ್‌ಗೆ ರಬ್ಬರ್ ಉಜ್ಜಿದರೆ ಆನ್ ಆಗದ ಕಂಪ್ಯೂಟರ್ ಸರಿಹೋಗುತ್ತದೆಯೇ?

ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಆದರೆ ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ. ಇದಕ್ಕೆ ಮದ್ದು ಹೇಳುವ ಚಿಕ್ಕ ವಿಡಿಯೊಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ರ‍್ಯಾಮ್ ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದರೆ ಕಂಪ್ಯೂಟರ್ ಆನ್!

ಇದು ಪೂರ್ತಿ ಸುಳ್ಳಲ್ಲ. ಹಾಗಂತ ಪೂರ್ತಿ ನಿಜವೂ ಅಲ್ಲ.

ಮೊದಲು ಹೆಚ್ಚು ಜನರನ್ನು ಹೆದರಿಸುವ ಮಾತನ್ನು ನೋಡೋಣ. "ಮೆಮೊರಿ ಹೋಗಿದೆ" ಎಂದ ತಕ್ಷಣ ಮಗುವಿನ ಫೋಟೊ, ಅಂಗಡಿಯ ಲೆಕ್ಕ ಎಲ್ಲವೂ ಹೋಯಿತು ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ರ‍್ಯಾಮ್ ಎಂದರೆ ಅಂಗಡಿಯವರು ಆ ಹೊತ್ತಿನ ಲೆಕ್ಕ ಬರೆದು ಅಳಿಸುವ ಸ್ಲೇಟು. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂದರೆ ಲೆಕ್ಕದ ಪುಸ್ತಕ. ರ‍್ಯಾಮ್‌ನಲ್ಲಿ ಮಾಹಿತಿ ಅತಿ ಪುಟ್ಟ ವಿದ್ಯುತ್ ಆವೇಶಗಳ ರೂಪದಲ್ಲಿರುತ್ತದೆ. ಅವು ಸೋರಿಹೋಗುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬುತ್ತಿರಬೇಕು. ಕರೆಂಟ್ ಹೋದರೆ ಸ್ಲೇಟು ಖಾಲಿ, ಪುಸ್ತಕ ಭದ್ರ. ಆದ್ದರಿಂದ "ರ‍್ಯಾಮ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಫಾರ್ಮ್ಯಾಟ್‌ನಿಂದ ರ‍್ಯಾಮ್ ರಿಪೇರಿ ಆಗುವುದಿಲ್ಲ, ನಿಮ್ಮ ಫೋಟೊಗಳು ಮಾತ್ರ ಹೋಗುತ್ತವೆ.

ಹಾಗಾದರೆ ರಬ್ಬರ್ ಉಜ್ಜಿದಾಗ ಕೆಲವೊಮ್ಮೆ ಸರಿಹೋಗುವುದೇಕೆ? ಡಿಡಿಆರ್4 ರ‍್ಯಾಮ್‌ನ ಅಂಚಿನಲ್ಲಿ 288 ಲೋಹದ ಪಟ್ಟಿಗಳಿವೆ. ಧೂಳು, ಬೆರಳಿನ ಎಣ್ಣೆ, ತೇವ ಕೂತು ಒಂದೆರಡು ಪಟ್ಟಿಗಳು ಸ್ಲಾಟಿಗೆ ಸರಿಯಾಗಿ ತಾಗದಿದ್ದರೂ ಕಂಪ್ಯೂಟರ್ ಶುರುವಾಗದೇ ಇರಬಹುದು. ರ‍್ಯಾಮ್ ತೆಗೆದು ಮತ್ತೆ ಒತ್ತಿ ಕೂರಿಸಿದಾಗಲೇ ಆ ಕೊಳೆ ಸ್ವಲ್ಪ ಕೆರೆದುಹೋಗುತ್ತದೆ. ಎಷ್ಟೋ ಸಲ ಕೆಲಸ ಮಾಡಿದ್ದು ಅದು, ಹೆಸರು ಮಾತ್ರ ರಬ್ಬರಿಗೆ. ಆ ಚಿನ್ನದ ಲೇಪ ತೀರಾ ತೆಳು, ಪದೇಪದೇ ಉಜ್ಜಿದರೆ ಸವೆಯುತ್ತದೆ. ಎರಡು ಬಣ್ಣದ ರಬ್ಬರಿನ ನೀಲಿ ತುದಿಯಂತೂ ಮರಳು ಕಾಗದದ ತಮ್ಮ! ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಅದೊಂದು ಹೊಸ ತಲೆನೋವು. ಒರೆಸಲೇಬೇಕಿದ್ದರೆ ನೂಲು ಬಿಡದ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟಿಕೊಳ್ಳುತ್ತದೆ.

ಕ್ಯಾಬಿನೆಟ್ ಬಿಚ್ಚುವ ಮುನ್ನ ಗಮನಿಸಬೇಕಾದದ್ದು ಒಂದಿದೆ. ಮಾನಿಟರಿನಲ್ಲಿ ಏನಾದರೂ ಕಾಣುವ ಮೊದಲೇ ಮದರ್‌ಬೋರ್ಡ್ ರ‍್ಯಾಮ್ ಅನ್ನು ಪರೀಕ್ಷಿಸುತ್ತದೆ. ತೊಂದರೆಯಿದ್ದರೆ ಕೆಲವು ಬೋರ್ಡ್‌ಗಳು ಬೀಪ್ ಶಬ್ದ ಮಾಡುತ್ತವೆ, ಕೆಲವು 'ಡಿ-ರ‍್ಯಾಮ್' ಎಂದು ಬರೆದ ಪುಟ್ಟ ಲೈಟ್ ಉರಿಸುತ್ತವೆ. "ಮೂರು ಬೀಪ್ ಬಂದರೆ ರ‍್ಯಾಮ್ ಹೋಯಿತು" ಎಂಬ ಫಾರ್ವರ್ಡ್ ಎಲ್ಲ ಕಂಪ್ಯೂಟರಿಗೂ ಹೊಂದುವುದಿಲ್ಲ, ಬೀಪ್‌ನ ಅರ್ಥ ಬೋರ್ಡಿನಿಂದ ಬೋರ್ಡಿಗೆ ಬೇರೆ. ಹೊಸದಾಗಿ ಡಿಡಿಆರ್5 ರ‍್ಯಾಮ್ ಹಾಕಿದ್ದರೆ ಮೊದಲ ಸಲ ಕೆಲವು ನಿಮಿಷ ಮಾನಿಟರ್ ಕಪ್ಪಗಿರುವುದು ಸಹಜ. ಸುಮ್ಮನೆ ಕಾಯಿರಿ.

ಈಗ ಪರೀಕ್ಷೆ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ. ಎರಡು ರ‍್ಯಾಮ್ ಇದ್ದರೆ ಎರಡನ್ನೂ ತೆಗೆದು, ಒಂದನ್ನು ಮಾತ್ರ ಕ್ಲಿಪ್ 'ಟಕ್' ಎನ್ನುವವರೆಗೆ ಒತ್ತಿ ಆನ್ ಮಾಡಿ. ಆಮೇಲೆ ಅದೇ ಸ್ಲಾಟಿನಲ್ಲಿ ಇನ್ನೊಂದು. ಪ್ರತಿ ಬದಲಾವಣೆಗೂ ಪವರ್ ಕೇಬಲ್ ಕೀಳುವುದನ್ನು ಮರೆಯಬೇಡಿ. ಒಂದರಲ್ಲಿ ಆನ್ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಕಳ್ಳ ಸಿಕ್ಕಂತೆ. ಎರಡೂ ಒಂದು ಸ್ಲಾಟಿನಲ್ಲಿ ಮಾತ್ರ ನಡೆದರೆ ರ‍್ಯಾಮ್ ಚೆನ್ನಾಗಿದೆ, ತೊಂದರೆ ಇನ್ನೊಂದು ಸ್ಲಾಟಿನಲ್ಲೋ ಪ್ರೊಸೆಸರಿನ ಪಿನ್‌ನಲ್ಲೋ ಇರಬಹುದು. ಇರುವುದೇ ಒಂದಾದರೆ ಸ್ನೇಹಿತರ ಬಳಿ ಸರಿಯಿರುವ ರ‍್ಯಾಮ್ ಕೇಳಿ ಹಾಕಿ ನೋಡಿ. ಆದರೆ ಡಿಡಿಆರ್3 ಬೋರ್ಡಿಗೆ ಡಿಡಿಆರ್4 ಕೂರುವುದಿಲ್ಲ, ಅಂಚಿನ ಗೀರಿನ ಜಾಗವೇ ಬೇರೆ. ಬಲ ಹಾಕಬೇಡಿ. ಸರಿಯಿರುವ ರ‍್ಯಾಮ್ ಹಾಕಿದರೂ ಆನ್ ಆಗದಿದ್ದರೆ ಪವರ್ ಸಪ್ಲೈ, ಮದರ್‌ಬೋರ್ಡ್ ಕಡೆ ನೋಡಬೇಕು.

ನನ್ನ ಮಟ್ಟಿಗೆ ಆನ್ ಆಗದ ಕಂಪ್ಯೂಟರಿಗಿಂತ, ಆನ್ ಆಗಿ ಆಗಾಗ ಹ್ಯಾಂಗ್ ಆಗುವ, ನೀಲಿ ಪರದೆ ತೋರಿಸುವ ಕಂಪ್ಯೂಟರ್ ಹೆಚ್ಚು ಅಪಾಯಕಾರಿ. ಅರ್ಧ ಕೆಟ್ಟ ರ‍್ಯಾಮ್ ತಪ್ಪು ಮಾಹಿತಿಯನ್ನು ಸದ್ದಿಲ್ಲದೆ ಡಿಸ್ಕಿಗೆ ಬರೆಸಬಹುದು, ಅಂದರೆ ಸ್ಲೇಟಿನ ತಪ್ಪು ಲೆಕ್ಕ ಪುಸ್ತಕಕ್ಕೆ ಹೋದಂತೆ. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಹುಡುಕಿ ಓಡಿಸಿ. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಬೇಕಿದ್ದರೆ ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಹಾಕಿ ಇಡೀ ರಾತ್ರಿ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಅನ್ನು ನಂಬಬೇಡಿ. ಬ್ಯಾಕಪ್ ಕೂಡ ಅದೇ ಕಂಪ್ಯೂಟರಿನಲ್ಲಿ ತೆಗೆಯದೆ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ತೆಗೆಯಿರಿ.

ಕೆಟ್ಟ ರ‍್ಯಾಮ್ ಎಸೆಯುವ ಮುನ್ನ ಬಿಲ್ ಹುಡುಕಿ. ಹಲವು ಕಂಪನಿಗಳು ರ‍್ಯಾಮ್‌ಗೆ ವರ್ಷಗಟ್ಟಲೆ ವಾರಂಟಿ ಕೊಡುತ್ತವೆ. ಅದರ ಮೇಲಿನ ಸ್ಟಿಕ್ಕರ್ ಮಾತ್ರ ಕೀಳಬೇಡಿ.