ಡಿ.ವಿ.ಡಿ. ಒಂದು, ತಾಳ ಎರಡು

ಮೈಸೂರಿನಲ್ಲಿ ತಂಗಿಯ ಮದುವೆ. ರಜೆ ದೊರೆಯದೆ ಅಮೆರಿಕದಲ್ಲಿಯೇ ಉಳಿದ ಅಣ್ಣನಿಗೆ ತಾಯಿ ಮದುವೆಯ ಡಿ.ವಿ.ಡಿ.ಯನ್ನು ಅಕ್ಷತೆಯ ಪೊಟ್ಟಣದೊಡನೆ ಕಳುಹಿಸಿದರು. ಅದು ತಲುಪಿತು. ಆದರೆ ಅಲ್ಲಿಯ ಟಿ.ವಿ.ಯಲ್ಲಿ ಧಾರೆಯೂ ಕಾಣಲಿಲ್ಲ, ಆರತಕ್ಷತೆಯೂ ಕಾಣಲಿಲ್ಲ. ಬಣ್ಣಗೆಟ್ಟ ಚಿತ್ರವೊಂದು ನಿಲ್ಲದೆ ಉರುಳುತ್ತಿತ್ತು.

“ಡಿ.ವಿ.ಡಿ. ಕೆಟ್ಟಿದೆ, ಅಮ್ಮ.”

“ನಾವೆಲ್ಲ ಕುಳಿತು ಪೂರ್ತಿ ನೋಡಿಯೇ ಕಳುಹಿಸಿದೆವಲ್ಲೋ!”

ಈ ಶತಮಾನದ ಮೊದಲ ದಶಕದಲ್ಲಿ ಇಂತಹ ಸಂಭಾಷಣೆ ಎಷ್ಟೋ ಮನೆಗಳಲ್ಲಿ ನಡೆದಿರಬೇಕು. ಇಬ್ಬರೂ ಸುಳ್ಳಾಡಲಿಲ್ಲ. ಡಿ.ವಿ.ಡಿ.ಯೂ ಕೆಟ್ಟಿರಲಿಲ್ಲ. ಎರಡು ದೇಶಗಳ ತಾಳ ಬೇರೆಯಾಗಿತ್ತು, ಅಷ್ಟೆ.

ತಾಳ ಬೇರೆಯಾದುದೇಕೆ?

ಟೆಲಿವಿಷನ್ನಿನಲ್ಲಿ ಸ್ಥಿರಚಿತ್ರಗಳು ಒಂದರ ಹಿಂದೊಂದು ಶೀಘ್ರವಾಗಿ ಬರುವುದರಿಂದ ನಮಗೆ ಚಲನೆಯ ಭ್ರಮೆಯುಂಟಾಗುತ್ತದೆ. ಪ್ರತಿಯೊಂದು ಚಿತ್ರವೂ ಅಡ್ಡಗೆರೆಗಳಿಂದ ನೇಯ್ದ ಬಟ್ಟೆಯಂತೆ. ಅಮೆರಿಕದ ಮನೆಗಳ ವಿದ್ಯುತ್ತು ಸೆಕೆಂಡಿಗೆ ೬೦ ಆವರ್ತಗಳದು. ಅದಕ್ಕೆ ಹೊಂದುವಂತೆ ಅಲ್ಲಿಯವರು ೧೯೪೧ರಲ್ಲಿ ಸೆಕೆಂಡಿಗೆ ೩೦ ಚಿತ್ರ, ಚಿತ್ರಕ್ಕೆ ೫೨೫ ಗೆರೆ ಎಂದು ಗೊತ್ತುಮಾಡಿದರು. ೧೯೫೩ರಲ್ಲಿ ಬಣ್ಣವನ್ನೂ ಸೇರಿಸಿದರು. ಇದೇ ಎನ್.ಟಿ.ಎಸ್.ಸಿ. ಪದ್ಧತಿ. ಬಣ್ಣ ಸೇರಿದಾಗ ೩೦ ಎಂಬುದು ೨೯.೯೭ಕ್ಕೆ ಇಳಿಯಿತು, ಲೆಕ್ಕದ ಅನುಕೂಲಕ್ಕಾಗಿ ನಾವು ೩೦ ಎಂದೇ ಹಿಡಿಯೋಣ.

ಯೂರೋಪಿನ ವಿದ್ಯುತ್ತು ೫೦ ಆವರ್ತಗಳದು. ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ ‘ಪಾಲ್’ ಎಂಬ ವರ್ಣಪದ್ಧತಿ ೧೯೬೭ರಲ್ಲಿ ಪ್ರಸಾರಕ್ಕೆ ಬಂದಿತು. ಅದರಲ್ಲಿ ಸೆಕೆಂಡಿಗೆ ೨೫ ಚಿತ್ರ, ಚಿತ್ರಕ್ಕೆ ೬೨೫ ಗೆರೆ. ನಮ್ಮ ವಿದ್ಯುತ್ತೂ ೫೦ ಆವರ್ತಗಳದೇ. ೧೯೮೨ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ಬಣ್ಣದ ಟೆಲಿವಿಷನ್ ಬಂದಾಗ ಭಾರತವು ಪಾಲ್ ಪದ್ಧತಿಯನ್ನೇ ಅನುಸರಿಸಿತು.

ಐದನ್ನು ಆರು ಮಾಡುವ ಲೆಕ್ಕ

ಡಿ.ವಿ.ಡಿ.ಯಲ್ಲಿ ಪಾಲ್ ಚಿತ್ರಕ್ಕೆ ೫೭೬ ಗೆರೆಗಳು, ಎನ್.ಟಿ.ಎಸ್.ಸಿ. ಚಿತ್ರಕ್ಕೆ ೪೮೦. ಒಂದು ಸೋಜಿಗವನ್ನು ನೋಡಿ: ೫೭೬ನ್ನು ೨೫ರಿಂದ ಗುಣಿಸಿದರೂ, ೪೮೦ನ್ನು ೩೦ರಿಂದ ಗುಣಿಸಿದರೂ ಬರುವುದು ೧೪,೪೦೦. ಸೆಕೆಂಡಿಗೆ ದೊರೆಯುವ ಗೆರೆಗಳು ಒಂದೇ. ಹಂಚಿಕೆ ಮಾತ್ರ ಬೇರೆ.

ಹಾಗಾದರೆ ಪರಿವರ್ತನೆ ಸುಲಭವೆ? ಅಲ್ಲ. ಪ್ರತಿ ಐದು ಚಿತ್ರಗಳನ್ನು ಆರು ಮಾಡಬೇಕು. ಪ್ರತಿ ಆರು ಗೆರೆಗಳನ್ನು ಐದಕ್ಕೆ ಇಳಿಸಬೇಕು. ಆರನೆಯ ಚಿತ್ರ ಎಲ್ಲಿಂದ ಬರಬೇಕು? ಇದ್ದುದನ್ನೇ ಇನ್ನೊಮ್ಮೆ ತೋರಿಸಿದರೆ ದಿಬ್ಬಣದ ನಡಿಗೆ ಮುಗ್ಗರಿಸುತ್ತದೆ. ಅಕ್ಕಪಕ್ಕದ ಚಿತ್ರಗಳೆರಡನ್ನು ಬೆರೆಸಿದರೆ ತಾಳಿ ಕಟ್ಟುವ ಕೈಗೆ ನೆರಳಿನ ಕೈಯೊಂದು ಅಂಟಿಕೊಳ್ಳುತ್ತದೆ. ಗೆರೆಗಳು ಕಡಮೆಯಾದಾಗ ಸೀರೆಯ ಜರಿಯ ಕುಸುರಿಯೂ ಮಸುಕಾಗುತ್ತದೆ. ಹೀಗೆ ಕಳೆದುದನ್ನು ಮರಳಿ ಪಾಲ್‌ಗೆ ತಿರುಗಿಸಿ ಪಡೆಯಲಾಗದು.

ಅಂಗಡಿಯಲ್ಲಿ ಮಾರುವ ಸಿನಿಮಾ ಡಿ.ವಿ.ಡಿ.ಗಳಿಗೆ ಇನ್ನೊಂದು ಬೀಗವಿರಬಹುದು. ಅದು ವಲಯದ ಸಂಖ್ಯೆ: ಅಮೆರಿಕಕ್ಕೆ ೧, ಭಾರತಕ್ಕೆ ೫. ಮದುವೆಯ ಡಿ.ವಿ.ಡಿ.ಗೆ ಸಾಮಾನ್ಯವಾಗಿ ಆ ಬೀಗವಿರುವುದಿಲ್ಲ. ತೊಡಕು ತಾಳದ್ದು ಮಾತ್ರ.

ಮೂಲವನ್ನು ಕಾಪಾಡಿ

ಕಂಪ್ಯೂಟರಿಗೆ ಈ ಭೇದವಿಲ್ಲ. ಅದು ೨೫ನ್ನೂ ೩೦ನ್ನೂ ಸಮನಾಗಿ ಓದುತ್ತದೆ. ಆದುದರಿಂದ ಪರಿವರ್ತಿಸಿದ ಪ್ರತಿ ಕೈಯಲ್ಲಿದೆಯೆಂದು ಮೂಲವನ್ನು ಎಸೆಯಬೇಡಿ. ಮನೆಯಲ್ಲಿಯೋ ಸ್ಟುಡಿಯೋದಲ್ಲಿಯೋ ಬರೆಸಿದ ಡಿ.ವಿ.ಡಿ.ಯ ಬಣ್ಣದ ಲೇಪ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ. ಅದು ಓದುತ್ತಿರುವಾಗಲೇ ಅದರಲ್ಲಿರುವುದನ್ನು ಪರಿವರ್ತಿಸದೆ, ಇದ್ದಂತೆಯೇ, ಕಂಪ್ಯೂಟರಿನಲ್ಲಿ ನಕಲು ಮಾಡಿ ಎರಡು ಕಡೆ ಇಡಿರಿ.

ಆ ಅಣ್ಣನೂ ಕೊನೆಗೆ ಡಿ.ವಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದ. ಓಲಗ ಮೊಳಗಿತು. ತಾಯಿ ಕಳುಹಿಸಿದ್ದ ಅಕ್ಷತೆ ಇನ್ನೂ ಪೊಟ್ಟಣದಲ್ಲಿಯೇ ಇತ್ತು. ಬಿಚ್ಚಿ ಅಂಗೈಯಲ್ಲಿ ಹಿಡಿದು ನೋಡುತ್ತ ಕುಳಿತ.