ದುರ್ಯೋಧನನ ಕೈಗಡಿಯಾರ

ಉಪ್ಪಾರಹಳ್ಳಿ ಈಗ ತುಮಕೂರು ನಗರದೊಳಗೇ ಸೇರಿಹೋದ ಊರು. ಅಲ್ಲಿ ಬಹಳ ವರ್ಷಗಳ ಹಿಂದೆ ನೋಡಿದ ಒಂದು ‘ಕುರುಕ್ಷೇತ್ರ’ ನಾಟಕ ನನಗಿನ್ನೂ ನೆನಪಿದೆ. ದುರ್ಯೋಧನನ ಪಾತ್ರ ವಹಿಸಿದ್ದವರು ಕೈಗಡಿಯಾರ ಬಿಚ್ಚುವುದನ್ನು ಮರೆತಿದ್ದರು. ಗದೆ ಎತ್ತಿದಾಗಲೆಲ್ಲ ಅದು ಟ್ಯೂಬ್‌ಲೈಟಿನ ಬೆಳಕಿಗೆ ಮಿನುಗುತ್ತಿತ್ತು. ಕರ್ಣ ಹಾಡಿ ಪ್ರಾಣ ಬಿಟ್ಟಾಗ ‘ಒನ್ಸ್ ಮೋರ್’ ಕೂಗು ಎದ್ದಿತು. ಸತ್ತ ಕರ್ಣ ಎದ್ದು ಕೈಮುಗಿದು, ಹಾರ್ಮೋನಿಯಂ ಮೇಷ್ಟ್ರ ಮುಖ ನೋಡಿ ಶ್ರುತಿ ಹಿಡಿದು, ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ. ನಡುವೆ ಅವನ ಬೀಗರು ವೇದಿಕೆ ಹತ್ತಿ ನೋಟಿನ ಹಾರ ಹಾಕಿ ಇಳಿದರು. ನನ್ನ ಪಕ್ಕದಲ್ಲಿದ್ದ ಹಿರಿಯರು ಎರಡು ಸಾವಿಗೂ ಟವೆಲಿನಿಂದ ಕಣ್ಣೊರೆಸಿಕೊಂಡರು.

ಇದೇ ಜನ ಟಾಕೀಸಿನಲ್ಲಿ ಕುಳಿತರೆ ಬೇರೆಯವರಾಗಿಬಿಡುತ್ತಾರೆ. ರಾಜನ ಕುದುರೆಯ ಹಿಂದೆ ಒಂದು ವಿದ್ಯುತ್ ಕಂಬ ಇಣುಕಿದರೆ ಸಾಕು, ಶಿಳ್ಳೆಯೋ ಶಿಳ್ಳೆ. ಈಗಂತೂ ಕೈಯಲ್ಲಿ ಮೊಬೈಲ್ ಇದೆ. ನಾಯಕನ ಎಡಗೆನ್ನೆಯ ಗಾಯ ಮುಂದಿನ ಶಾಟಿನಲ್ಲಿ ಬಲಗೆನ್ನೆಗೆ ಹೋಗಿದ್ದನ್ನು ನಿಲ್ಲಿಸಿ, ದೊಡ್ಡದು ಮಾಡಿ ತೋರಿಸುವ ಹುಡುಗರು ಓಣಿಗೊಬ್ಬರು. ‘ಸಿನಿಮಾನ ಸಿನಿಮಾ ಥರ ನೋಡಪ್ಪ’ ಎಂದು ಗದರಿಸುವವರೂ ಅಷ್ಟೇ ಮಂದಿ. ಇಬ್ಬರಲ್ಲಿ ಯಾರು ಸರಿ?

ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ಇದಕ್ಕೊಂದು ಹೆಸರಿಟ್ಟ. ಕಾವ್ಯ ಓದುವವನು ತನ್ನ ಅಪನಂಬಿಕೆಯನ್ನು ಆ ಗಳಿಗೆಯ ಮಟ್ಟಿಗೆ ಬೇಕೆಂದೇ ಬದಿಗಿಡುತ್ತಾನೆ ಎಂಬುದು ಅವನ ಮಾತಿನ ಸಾರ. ಅವನಿಗಿಂತ ಸುಮಾರು ಎಂಟು ಶತಮಾನ ಮೊದಲೇ ಕಾಶ್ಮೀರದ ಅಭಿನವಗುಪ್ತ ಈ ವಿಚಾರವನ್ನು ಇನ್ನೂ ಸೂಕ್ಷ್ಮವಾಗಿ ಬಗೆದಿದ್ದ. ರಸಾಸ್ವಾದಕ್ಕೆ ಏಳು ವಿಘ್ನಗಳುಂಟು ಎನ್ನುವ ಅವನು ಮೊದಲನೆಯದಾಗಿ ಹೇಳುವುದೇ ‘ಸಂಭಾವನಾವಿರಹ’ವನ್ನು. ಎಂದರೆ, ‘ಇದು ನಡೆಯುವಂಥದಲ್ಲ’ ಎಂದು ಪ್ರೇಕ್ಷಕನಿಗೆ ಅನ್ನಿಸಿಬಿಡುವುದು. ಅನ್ನಿಸಿತೋ, ಮನಸ್ಸು ಅಲ್ಲಿ ನಿಲ್ಲುವುದಿಲ್ಲ, ರಸ ಹುಟ್ಟುವುದಿಲ್ಲ. ಪರಿಹಾರವನ್ನೂ ಅವನೇ ಸೂಚಿಸುತ್ತಾನೆ: ಲೋಕಸಾಮಾನ್ಯವಾದ ಸಂಗತಿಯನ್ನು ಆರಿಸಿಕೊಳ್ಳಬೇಕು, ಲೋಕಕ್ಕೆ ಮೀರಿದ ಸಾಹಸ ತೋರಿಸುವುದಿದ್ದರೆ ರಾಮನಂಥ ಪ್ರಸಿದ್ಧನ ಹೆಸರನ್ನು ಹಿಡಿಯಬೇಕು. ಆ ಹೆಸರಿನ ಮೇಲೆ ಜನರಿಗೆ ಮೊದಲೇ ಬೇರೂರಿದ ನಂಬಿಕೆ ಇರುತ್ತದಲ್ಲ, ಅದು ಮಿಕ್ಕದ್ದನ್ನು ದಾಟಿಸುತ್ತದೆ. (ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಿಗರಿಗೆ ತಿಳಿಯಾಗಿ ವಿವರಿಸಿಕೊಟ್ಟ ತೀ.ನಂ. ಶ್ರೀಕಂಠಯ್ಯನವರು ಇದೇ ತುಮಕೂರು ಜಿಲ್ಲೆಯ ತೀರ್ಥಪುರದವರೆಂಬುದು ನಮಗೊಂದು ಹೆಮ್ಮೆ.)

ರಾಮನ ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ತಾರೆಯ ಹೆಸರು ಮಾಡುತ್ತದೆ ಎಂದು ನನಗನ್ನಿಸುತ್ತದೆ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜಕುಮಾರ್, ಅವನ ಮಗನೂ ರಾಜಕುಮಾರ್. ಇಬ್ಬರೂ ಎದುರುಬದುರು ನಿಂತು ಮೂದಲಿಸಿಕೊಂಡಾಗ ‘ಒಂದೇ ಮುಖ ಹೇಗೆ?’ ಎಂದು ಕೇಳಿದವರಿಲ್ಲ. ಹಾಗೆ ಕೇಳಿದ್ದರೆ ಅಂಥವನನ್ನು ಟಾಕೀಸಿನಿಂದ ಹೊರಗೆ ಹಾಕುತ್ತಿದ್ದರೇನೋ.

ಹಾಗಾದರೆ ದುರ್ಯೋಧನನ ಕೈಗಡಿಯಾರ ಕಣ್ಣಿಗೆ ಚುಚ್ಚದೆ, ರಾಜನ ಹಿಂದಿನ ಕಂಬ ಚುಚ್ಚುವುದೇಕೆ? ಹಳ್ಳಿಯ ನಾಟಕ ಯಾವತ್ತೂ ‘ಇದು ನಿಜ’ ಎಂದು ಹೇಳಿಕೊಂಡಿಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ಪಾತ್ರಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಇನ್ನೊಂದು ರಾಜ್ಯಕ್ಕೆ ಹೋದಂತೆ. ಇದು ಆಟ, ನೀನೂ ಕೂಡಿಕೋ ಎಂಬ ಒಡಂಬಡಿಕೆ ಅಲ್ಲಿದೆ. ಅದರಲ್ಲಿ ಗಡಿಯಾರದ ಮಾತೇ ಬರುವುದಿಲ್ಲ.

ಒಡಂಬಡಿಕೆ ಬದಲಾದದ್ದನ್ನು ಕಾಣಬೇಕಾದರೆ ಪಕ್ಕದ ಗುಬ್ಬಿಗೇ ಹೋಗಬೇಕು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಗೆ ಬಂದಮೇಲೆ ವೈಭವಕ್ಕೆ ಹೆಸರಾಯಿತು. 1930ರ ದಶಕದಲ್ಲಿ ಅವರು ‘ಕುರುಕ್ಷೇತ್ರ’ವನ್ನು ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಜನ ಬೆರಗಾದರು. ಆದರೆ ಆನೆ ನಿಜವಾದ ಮೇಲೆ ಅಂಬಾರಿ ತಗಡಿನದೋ ಬೆಳ್ಳಿಯದೋ ಎಂದು ಕಣ್ಣು ಹುಡುಕತೊಡಗುತ್ತದೆ. ನಿಜವನ್ನು ತೋರಿಸುತ್ತೇನೆಂದು ಹೊರಟಲ್ಲೇ ತಪ್ಪಿಗೂ ಜಾಗ ಹುಟ್ಟಿತು. ಅದೇ ಕಂಪನಿಯಲ್ಲಿ ಪಳಗಿದ ಮುತ್ತುರಾಜ್ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ, ರಾಜಕುಮಾರ್ ಎಂಬ ಹೆಸರಿನಿಂದ ತೆರೆಗೆ ಬಂದರು. ಕ್ಯಾಮೆರಾ ಕಾಡನ್ನು ಕಾಡಾಗಿಯೇ ತೋರಿಸುತ್ತದೆ, ಕಂಬವಿದ್ದರೆ ಕಂಬವನ್ನೂ.

ದೊಡ್ಡ ಬಂಡವಾಳ ಇದಕ್ಕೆ ಮದ್ದಲ್ಲ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಸೈನಿಕನೊಬ್ಬ ಬಾಗಿಲಿನ ಚೌಕಟ್ಟಿಗೆ ತಲೆ ಹೊಡೆದುಕೊಳ್ಳುತ್ತಾನೆ. ಜನ ಅದನ್ನು ಎಷ್ಟು ಮೆಚ್ಚಿದರೆಂದರೆ 2004ರ ಡಿವಿಡಿಯಲ್ಲಿ ನಿರ್ಮಾಪಕರೇ ಅಲ್ಲಿಗೆ ‘ಠಣ್’ ಎಂಬ ಸದ್ದು ಸೇರಿಸಿದರು. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ರಾಣಿಯ ಮುಂದೆ ಈ ಕಾಲದ ಕಾಫಿ ಲೋಟವೊಂದು ಉಳಿದುಹೋಗಿ, ಆಮೇಲೆ ಅದನ್ನು ಚಿತ್ರದಿಂದ ಅಳಿಸಬೇಕಾಯಿತು. ಇಂಥವನ್ನು ಕಂಡುಹಿಡಿಯುವವನು ಸಿನಿಮಾದ ವೈರಿಯಲ್ಲ. ಹತ್ತು ಸಲ ನೋಡದೆ ಇದು ಯಾರಿಗೂ ಕಾಣುವುದಿಲ್ಲ. ಹತ್ತು ಸಲ ನೋಡುವವನು ಅಭಿಮಾನಿಯೇ.

ಆದರೆ ಬದಿಗಿಟ್ಟ ಅಪನಂಬಿಕೆಯನ್ನು ಹೊರಡುವಾಗ ಮರಳಿ ಎತ್ತಿಕೊಳ್ಳಬೇಕಲ್ಲ? ಹಳ್ಳಿಯ ನಾಟಕದಲ್ಲಿ ಅದು ತಾನಾಗಿಯೇ ಆಗುತ್ತದೆ. ಬೆಳಗಾದರೆ ದುರ್ಯೋಧನ ಕಿವಿಯ ಹಿಂದೆ ಬಣ್ಣ ಉಳಿಸಿಕೊಂಡೇ ಡೈರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಿರುತ್ತಾನೆ.

ಸಿನಿಮಾದಲ್ಲಿ ಹೀಗಾಗದಿರುವುದೂ ಉಂಟು. 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಚಿತ್ರಗಳನ್ನು ನೋಡಿ. ನಾಯಕ ಠಾಣೆಯ ಮೇಲೆ ಗುಂಡಿನ ಮಳೆಗರೆದು, ಕಾದು ಕೆಂಪಾದ ಬಂದೂಕಿನ ನಳಿಗೆಯಲ್ಲಿ ಸಿಗರೇಟು ಹಚ್ಚುತ್ತಾನೆ. ಅದು ಆಗುತ್ತದೋ ಇಲ್ಲವೋ ಎಂಬ ಚರ್ಚೆ ನನಗೆ ಬೇಡ. ಯಶ್ ಎಂಬ ಹೆಸರು ಅದನ್ನು ದಾಟಿಸುತ್ತದೆ, ನಾನೂ ಆ ಕ್ಷಣ ಶಿಳ್ಳೆ ಹೊಡೆದವನೇ. ನನ್ನನ್ನು ತಡೆಯುವುದು ಬೇರೆ. ಚಿತ್ರದಲ್ಲಿ ನರಾಚಿ ಎಂಬ ಗಣಿಯಲ್ಲಿ 1951ರಲ್ಲಿ ಚಿನ್ನ ಸಿಗುತ್ತದೆ; ಒಂದು ಕುಟುಂಬ ಅಲ್ಲಿ ಸಾವಿರಾರು ಜನರನ್ನು ಗುಲಾಮರನ್ನಾಗಿಸಿ ದುಡಿಸುತ್ತದೆ. ಇದೆಲ್ಲ ಸರ್ಕಾರ ನಿಷೇಧಿಸಿದ ಒಂದು ಪುಸ್ತಕದಲ್ಲಿರುವ ಕಥೆ ಎಂಬ ಚೌಕಟ್ಟು ಬೇರೆ. ನರಾಚಿ ಕಲ್ಪನೆ, ಪುಸ್ತಕವೂ ಕಲ್ಪನೆ. ಆದರೆ ಕೋಲಾರ ಚಿನ್ನದ ಗಣಿ ನಿಜ. ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದದ್ದು 1880ರಲ್ಲಿ. ಶಿವನಸಮುದ್ರದ ವಿದ್ಯುತ್ ತಲುಪಿದ್ದು 1902ರಲ್ಲಿ. ತಮಿಳು, ತೆಲುಗು ಜಿಲ್ಲೆಗಳಿಂದ ಬಂದ ಕಾರ್ಮಿಕರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದರು. ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡರು. 1930ರಲ್ಲಿ ಬೆರಳಚ್ಚಿನ ನಿಯಮವನ್ನು ವಿರೋಧಿಸಿ ಮುಷ್ಕರ ಹೂಡಿದ ಜನ ಅವರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಚಿತ್ರದ ನಾಯಕ ನರಾಚಿಗೆ ಹೊರಡುವ 1970ರ ದಶಕದ ಕೊನೆಯಲ್ಲಿ ಅಲ್ಲಿದ್ದದ್ದು ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಸಂಬಳ ಇತ್ತು, ಕಾರ್ಮಿಕ ಸಂಘಗಳಿದ್ದವು.

ಕೋಲಾರದವನಿಗೆ ಇದು ಗೊತ್ತು, ಅವನು ಚಿತ್ರಮಂದಿರದಿಂದ ತನ್ನ ಅಪನಂಬಿಕೆಯೊಂದಿಗೆ ಹೊರಬರುತ್ತಾನೆ. ಆ ಊರನ್ನು ಎಂದೂ ಕಾಣದ ದೂರದ ಪ್ರೇಕ್ಷಕನಿಗೆ ಎತ್ತಿಕೊಳ್ಳಬೇಕಾದದ್ದೊಂದು ಅಲ್ಲೇ ಉಳಿದಿದೆ ಎಂದು ತಿಳಿಯುವುದಾದರೂ ಹೇಗೆ? ಎಡಗೆನ್ನೆಯ ಗಾಯ ಬಲಗೆನ್ನೆಗೆ ಹೋದದ್ದನ್ನು ಹಿಡಿಯುವ ಹುಡುಗನ ಕಣ್ಣು ಇಲ್ಲಿಯೂ ಸ್ವಲ್ಪ ಹರಿದಿದ್ದರೆ ಎಂದು ಆಸೆಯಾಗುತ್ತದೆ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಇನ್ನೂ ಹಾಗೆಯೇ ಇವೆ. ನರಾಚಿಯ ಸೆಟ್ ಹಾಕಿದ್ದು ಅಲ್ಲಿಯೇ. ಗಾಳಿ ಜೋರಾಗಿ ಬೀಸಿದ ದಿನ ಅದರ ಧೂಳು ಎದ್ದು ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಮೇಲೆ ಬಂದು ಕೂರುತ್ತದೆ.